ಉಳಿದ ನೂಲಿನ ಉಂಡೆಗಳಿಂದ ಸಣ್ಣ ಹೆಣಿಗೆ: ತೂಕ ಹಾಕುವುದರಿಂದ ತುದಿ ಮುಚ್ಚುವವರೆಗೆ

ಸ್ವೆಟರ್ ಮುಗಿದ ಮೇಲೆ 18 ಗ್ರಾಂ ನೂಲು ಉಳಿಯುತ್ತದೆ. ಎಸೆಯಲು ಮನಸ್ಸಾಗದು, ಇನ್ನೊಂದು ಬಟ್ಟೆಗೆ ಸಾಲದು. ಇಂಥ ಉಂಡೆಗಳು ಚೀಲ ತುಂಬಿದಾಗ ಹೆಚ್ಚಿನವರು ಮೊದಲು ಚೆಂದದ ಮಾದರಿಯೊಂದನ್ನು ಆರಿಸಿ, ಆಮೇಲೆ ಅದಕ್ಕೆ ಹೊಂದುವ ನೂಲಿಗಾಗಿ ಚೀಲ ಕೆದಕುತ್ತಾರೆ. ಅರ್ಧಕ್ಕೆ ನಿಂತ ಟೊಪ್ಪಿ, ಒಂಟಿ ಕೈಗವಸು ಹುಟ್ಟುವುದು ಹೀಗೆಯೇ. ಉಳಿಕೆ ನೂಲಿನ ಕೆಲಸದಲ್ಲಿ ಮೊದಲು ಕೈಯಲ್ಲಿ ಏನಿದೆ, ಎಷ್ಟಿದೆ ಎಂದು ಅಳೆಯಬೇಕು. ಆಮೇಲೆ ನೂಲು ಎಲ್ಲಿ ಮುಗಿಯುತ್ತದೋ ಅಲ್ಲೇ ನಿಲ್ಲಿಸಬಹುದಾದ, ಇಲ್ಲವೇ ತುಂಡು ತುಂಡಾಗಿ ಬೆಳೆಯುವ ವಸ್ತುವನ್ನು ಆರಿಸಬೇಕು. ಮುಂದೆ ಕೊಟ್ಟಿರುವ ಮಾದರಿಗಳನ್ನೆಲ್ಲ ಈ ದೃಷ್ಟಿಯಿಂದಲೇ ಆಯ್ದಿದೆ.

ಯಾವ ನಾರು, ಎಷ್ಟು ದಪ್ಪ

ಉಂಡೆಗಳನ್ನೆಲ್ಲ ಒಂದು ಬಟ್ಟೆಯ ಮೇಲೆ ಸುರಿದು ಮೊದಲು ನಾರಿನ ಪ್ರಕಾರ ಬೇರ್ಪಡಿಸಿ: ಉಣ್ಣೆ, ಅಕ್ರಿಲಿಕ್, ಹತ್ತಿ. ಬಣ್ಣದ ಪ್ರಕಾರ ಜೋಡಿಸುವ ಆಸೆಯನ್ನು ಸ್ವಲ್ಪ ತಡೆಯಿರಿ. ಉಣ್ಣೆ ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತದೆ, ಅಕ್ರಿಲಿಕ್ ಕುಗ್ಗುವುದಿಲ್ಲ. ಎರಡನ್ನೂ ಒಂದೇ ಚೌಕದಲ್ಲಿ ಪಟ್ಟೆ ಪಟ್ಟೆಯಾಗಿ ಹೆಣೆದು ಒಮ್ಮೆ ಅಜಾಗ್ರತೆಯಿಂದ ಒಗೆದರೆ ಉಣ್ಣೆಯ ಪಟ್ಟೆಗಳು ಬಿಗಿದುಕೊಂಡು ಅಕ್ರಿಲಿಕ್ ಪಟ್ಟೆಗಳು ಉಬ್ಬುತ್ತವೆ. ಆಮೇಲೆ ಅದನ್ನು ಸರಿಪಡಿಸುವ ದಾರಿಯಿಲ್ಲ.

ಚೀಟಿ ಕಳೆದುಹೋದ ನೂಲಿಗೆ ಸುಡುವ ಪರೀಕ್ಷೆ ಮಾಡಿ. ಸುಮಾರು 5 ಸೆಂ.ಮೀ. ತುಂಡನ್ನು ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ, ಪಕ್ಕದಲ್ಲಿ ನೀರು ಇಟ್ಟುಕೊಂಡು ತುದಿಗೆ ಬೆಂಕಿ ತಾಗಿಸಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಜ್ವಾಲೆ ದೂರ ಮಾಡಿದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ಮೆತ್ತಗಿನ ಬೂದು ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ, ತಣ್ಣಗಾದ ಮೇಲೆ ಗಟ್ಟಿ ಕಪ್ಪು ಮಣಿಯಾಗುತ್ತದೆ. ಎರಡು ಲಕ್ಷಣ ಒಟ್ಟಿಗೆ ಕಂಡರೆ ಅದು ಮಿಶ್ರ ನೂಲು. ಒಗೆಯುವ ವಿಷಯದಲ್ಲಿ ಅದನ್ನು ಉಣ್ಣೆಯೆಂದೇ ನಡೆಸಿಕೊಳ್ಳಿ.

ಆಮೇಲೆ ದಪ್ಪ. ನೂಲನ್ನು ಅಳತೆಪಟ್ಟಿಗೆ ಒಂದರ ಪಕ್ಕ ಒಂದು ತಾಗುವಂತೆ, ಎಳೆಯದೆ ಸುತ್ತಿ, 2.5 ಸೆಂ.ಮೀ.ನಲ್ಲಿ ಎಷ್ಟು ಸುತ್ತು ಬಂತೆಂದು ಎಣಿಸಿ. 14 ಅಥವಾ ಹೆಚ್ಚು ಬಂದರೆ ಕಾಲುಚೀಲದ ತೆಳು ನೂಲು, 2.5ರಿಂದ 3.25 ಮಿ.ಮೀ. ಕಡ್ಡಿ. 11ರಿಂದ 13 ಬಂದರೆ ಡಿಕೆ ಎಂಬ ಮಧ್ಯಮ ದಪ್ಪ, 4 ಮಿ.ಮೀ. ಕಡ್ಡಿ. 9-10 ಬಂದರೆ ವರ್ಸ್ಟೆಡ್ ಎಂಬ ಇನ್ನೂ ತುಸು ದಪ್ಪದ್ದು, 4.5ರಿಂದ 5 ಮಿ.ಮೀ. ಅದಕ್ಕಿಂತ ಕಡಿಮೆ ಬಂದರೆ ದಪ್ಪ ನೂಲು, 6 ಮಿ.ಮೀ. ಅಥವಾ ಮೇಲೆ. ಸುತ್ತುವಾಗ ಎಳೆದು ಬಿಗಿ ಮಾಡಿದರೆ ಎಣಿಕೆ ಏರಿ ನೂಲು ಇದ್ದದ್ದಕ್ಕಿಂತ ತೆಳು ಎಂದು ತೋರುತ್ತದೆ. ಹೆಚ್ಚಿನ ತಪ್ಪು ಇಲ್ಲೇ ಆಗುತ್ತದೆ.

ತೆಳು ನೂಲಿನ ಎರಡು ಎಳೆ ಜೋಡಿಸಿ ಹಿಡಿದರೆ ಸುಮಾರು ಒಂದು ಡಿಕೆ ಎಳೆಯಷ್ಟಾಗುತ್ತದೆ. ಹಾಗಾಗಿ ತೆಳು ತುಣುಕುಗಳನ್ನು ಬೇರೆ ಮಾದರಿಗೆಂದು ಎತ್ತಿಡಬೇಕಿಲ್ಲ, ಜೋಡಿ ಮಾಡಿ ಡಿಕೆ ಗುಂಪಿಗೇ ಸೇರಿಸಬಹುದು.

ಬಿಚ್ಚಿದ ನೂಲು, ಬಣ್ಣ ಬಿಡುವ ನೂಲು, ಹುಳು

ಹಳೆಯ ಹೆಣಿಗೆಯಿಂದ ಬಿಚ್ಚಿದ ನೂಲು ಗುಂಗುರಾಗಿರುತ್ತದೆ. ಹಾಗೆಯೇ ಹೆಣೆದರೆ ಕುಣಿಕೆಗಳು ಒಂದು ಸಡಿಲ, ಒಂದು ಬಿಗಿಯಾಗಿ ಬಂದು, ಒಗೆದ ಮೇಲೆ ಅಳತೆಯೂ ಬದಲಾಗುತ್ತದೆ. ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಬೇರೆ ದಾರದಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು ನೇತುಹಾಕಿ. ಕೆಳಗೆ ಭಾರ ಕಟ್ಟಬೇಡಿ: ಭಾರಕ್ಕೆ ಜಗ್ಗಿ ಒಣಗಿದ ನೂಲು ಮುಂದಿನ ಒಗೆತದಲ್ಲಿ ಹಿಂದಕ್ಕೆ ಕುಗ್ಗುತ್ತದೆ.

ಕೆಂಪು, ಕಡುನೀಲಿ, ಕಪ್ಪು ಬಣ್ಣಗಳನ್ನು ತಿಳಿಬಣ್ಣದ ಜೊತೆ ಸೇರಿಸುವ ಮೊದಲು ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ಇಡಿ. ಕಲೆ ಬಿದ್ದರೆ ಆ ನೂಲನ್ನು ಬೇರೆಯಾಗಿ ತೊಳೆಯಿರಿ. ಮತ್ತೆಯೂ ಬಿಟ್ಟರೆ ಕಡುಬಣ್ಣಗಳ ಜೊತೆ ಮಾತ್ರ ಬಳಸಿ. ಉಣ್ಣೆಯ ಉಂಡೆಯಲ್ಲಿ ಎಳೆಗಳು ಅಲ್ಲಲ್ಲಿ ತಾವೇ ತುಂಡಾಗಿದ್ದರೆ, ಮರಳಿನಂಥ ಕಣಗಳು ಕಂಡರೆ ಅದು ನುಸಿಹುಳುವಿನ ಕೆಲಸ. ಅದನ್ನು ತಕ್ಷಣ ಗಾಳಿಯಾಡದ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಅದು ಮುಗಿಯುವವರೆಗೆ ಉಳಿದ ಉಣ್ಣೆಯ ಬಳಿ ತರಬೇಡಿ.

ಎಷ್ಟು ಗ್ರಾಂ, ಎಷ್ಟು ಮೀಟರ್, ಎಷ್ಟು ಸಾಲು

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತೆಳು ನೂಲು 1 ಗ್ರಾಂಗೆ ಸುಮಾರು 4 ಮೀಟರ್ ಬರುತ್ತದೆ. ಡಿಕೆ 2.2ರಿಂದ 2.5 ಮೀಟರ್, ವರ್ಸ್ಟೆಡ್ ಸುಮಾರು 2 ಮೀಟರ್. ಹತ್ತಿ ಇದೇ ದಪ್ಪಕ್ಕೆ ತುಸು ಭಾರ, ಅಂದರೆ ಗ್ರಾಂಗೆ ಮೀಟರ್ ಕಡಿಮೆ. 5 ಗ್ರಾಂಗಿಂತ ಸಣ್ಣ ಉಂಡೆಯ ತೂಕವನ್ನು ತಕ್ಕಡಿ ನಿಖರವಾಗಿ ಹೇಳುವುದಿಲ್ಲ. ಅದನ್ನು ನೇರವಾಗಿ ಅಳತೆಪಟ್ಟಿಯ ಉದ್ದಕ್ಕೆ ಹಿಡಿದು ಅಳೆಯಿರಿ.

ಒಂದು ಸಾಲಿಗೆ ಹೆಣಿಗೆಯ ಅಗಲದ ಸುಮಾರು ಮೂರು ಪಟ್ಟು ನೂಲು ಬೇಕು. ಗಾರ್ಟರ್‌ಗೆ, ಅಂದರೆ ಎಲ್ಲಾ ಸಾಲು ನಿಟ್ (ನೇರ ಕುಣಿಕೆ) ಮಾಡುವ ಹೆಣಿಗೆಗೆ, ಸ್ವಲ್ಪ ಜಾಸ್ತಿ. ಕುಣಿಕೆ ಮುಚ್ಚುವ ಕೊನೆಯ ಸಾಲಿಗೆ ನಾಲ್ಕು ಪಟ್ಟು ಇಟ್ಟುಕೊಳ್ಳಿ. ನೂಲು ಮುಗಿಯುತ್ತ ಬಂದಾಗ ಇನ್ನೊಂದು ಉಪಾಯವಿದೆ: ಉಳಿದ ನೂಲನ್ನು ಅರ್ಧಕ್ಕೆ ಮಡಚಿ ಮಧ್ಯದಲ್ಲಿ ಎಳೆದರೆ ಬಿಚ್ಚುವ ಗಂಟು ಹಾಕಿ, ಎರಡು ಸಾಲು ಹೆಣೆಯಿರಿ. ಗಂಟು ಕೈಗೆ ಬರುವ ಮೊದಲೇ ಎರಡು ಸಾಲು ಮುಗಿದರೆ ಇನ್ನೆರಡು ಸಾಲಿಗೆ ನೂಲಿದೆ. ಗಂಟು ಮೊದಲು ಬಂದರೆ ಆ ಎರಡು ಸಾಲೇ ಕೊನೆ, ಬಣ್ಣ ಬದಲಿಸುವ ಹೊತ್ತು.

ಬಣ್ಣ ಸೇರಿಸುವುದು

ಚೆಲ್ಲಾಪಿಲ್ಲಿ ಬಣ್ಣಗಳನ್ನು ಒಂದೇ ವಸ್ತುವಿನಂತೆ ಕಾಣಿಸಲು ಅತ್ಯಂತ ನಂಬಿಕೆಯ ವಿಧಾನ ಒಂದು ಎಳೆಯನ್ನು ಬದಲಿಸದೆ ಉಳಿಸುವುದು. ಬೂದು ಅಥವಾ ಕೆನೆಬಣ್ಣದ ಒಂದು ಎಳೆ ಮೊದಲಿಂದ ಕೊನೆಯವರೆಗೆ ಅದೇ ಇರಲಿ. ಅದರ ಜೊತೆ ಹಿಡಿಯುವ ಎರಡನೇ ಎಳೆ ಮಾತ್ರ ಬದಲಾಗುತ್ತ ಹೋಗಲಿ. ಬದಲಾಗುವ ಎಳೆಗಳ ಒಟ್ಟು ಉದ್ದದಷ್ಟೇ ಸ್ಥಿರ ಎಳೆಯೂ ಬೇಕೆಂಬುದನ್ನು ಮರೆಯಬೇಡಿ: ತುಣುಕುಗಳು 60 ಮೀಟರ್ ಇದ್ದರೆ ಬೂದು ನೂಲೂ 60 ಮೀಟರ್.

ಒಂಟಿ ಎಳೆಯಲ್ಲೇ ಹೆಣೆಯುವುದಾದರೆ ತಿಳಿ, ಕಡು, ತಿಳಿ, ಕಡು ಎಂದು ಸಾಲಿಡಿ. ಯಾವುದು ತಿಳಿ ಯಾವುದು ಕಡು ಎಂದು ಕಣ್ಣಿಗೆ ತೋಚದಿದ್ದರೆ ಉಂಡೆಗಳ ಫೋಟೊ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿ ನೋಡಿ. ಕೆಂಪು ಮತ್ತು ಹಸಿರು ಎಷ್ಟೋ ಸಲ ಅಲ್ಲಿ ಒಂದೇ ಬೂದುಬಣ್ಣವಾಗಿ ಕಾಣುತ್ತವೆ. ಅಂಥವನ್ನು ಪಕ್ಕಪಕ್ಕ ಇಟ್ಟರೆ ಮಾದರಿಯ ಗೆರೆಗಳು ದೂರದಿಂದ ಕಾಣುವುದಿಲ್ಲ.

ತುದಿ ಜೋಡಿಸುವುದು

ಉಳಿಕೆ ನೂಲಿನ ಕೆಲಸದಲ್ಲಿ ಕೈ ಬೇಸರಪಡುವುದು ಹೆಣೆಯುವುದಕ್ಕಲ್ಲ, ತುದಿ ಮುಚ್ಚುವುದಕ್ಕೆ. ಬರೀ ಗಂಟು ಹಾಕಿ ಕತ್ತರಿಸಿದರೆ ಕೆಲವು ಒಗೆತದಲ್ಲಿ ಗಂಟು ಜಾರಿ ಕುಣಿಕೆ ಓಡುತ್ತದೆ. ಜಾರದಿದ್ದರೂ ಬೆರಳಿಗೆ ತಡೆಯುತ್ತದೆ.

ಯಂತ್ರದಲ್ಲಿ ಒಗೆಯಬಲ್ಲಂತೆ ಸಂಸ್ಕರಿಸದ ಸಾದಾ ಉಣ್ಣೆಯಾದರೆ ಎರಡೂ ತುದಿಯನ್ನು 6-8 ಸೆಂ.ಮೀ. ಬಿಡಿಸಿ, ಪ್ರತಿ ತುದಿಯಲ್ಲೂ ಅರ್ಧದಷ್ಟು ಎಳೆಗಳನ್ನು ಕತ್ತರಿಸಿ ತೆಗೆದು, ಒಂದರ ಮೇಲೊಂದು ಇಟ್ಟು ನೀರು ಹಚ್ಚಿ, ಅಂಗೈ ನಡುವೆ ಬಿಸಿಯಾಗುವಷ್ಟು ಜೋರಾಗಿ ಉಜ್ಜಿ. ಅರ್ಧ ನಿಮಿಷದಲ್ಲಿ ಎರಡೂ ಒಂದೇ ನೂಲಾಗುತ್ತವೆ. ಅಕ್ರಿಲಿಕ್, ಹತ್ತಿ, ಸೂಪರ್‌ವಾಶ್ ಉಣ್ಣೆ ಎಷ್ಟು ಉಜ್ಜಿದರೂ ಹೀಗೆ ಅಂಟುವುದಿಲ್ಲ. ಅವುಗಳಿಗೆ ರಷ್ಯನ್ ಜೋಡಣೆ: ಎರಡು ನೂಲನ್ನು ಒಂದಕ್ಕೊಂದು ಕೊಕ್ಕೆಯಂತೆ ಸಿಕ್ಕಿಸಿ, ಪ್ರತಿ ತುದಿಯನ್ನೂ ಸೂಜಿಗೆ ಪೋಣಿಸಿ ಅದೇ ನೂಲಿನ ಹೊಟ್ಟೆಯೊಳಗೇ 4-5 ಸೆಂ.ಮೀ. ಹಿಂದಕ್ಕೆ ತೂರಿಸಿ ಎಳೆಯಿರಿ. ಜೋಡಿಸಿದ ಜಾಗ ತುಸು ದಪ್ಪವಾಗುತ್ತದೆ. ಗಾರ್ಟರ್‌ನಲ್ಲಿ ಗೊತ್ತಾಗುವುದಿಲ್ಲ, ನುಣುಪು ಹೆಣಿಗೆಯಲ್ಲಿ ಗೊತ್ತಾಗುತ್ತದೆ.

ಎರಡೂ ಬೇಡವೆಂದರೆ 15 ಸೆಂ.ಮೀ. ತುದಿ ಬಿಟ್ಟು ಮುಂದುವರಿಯಿರಿ. ಹೆಣಿಗೆಯ ಹಿಂಬದಿಯಲ್ಲಿ ಸೂಜಿಯಿಂದ ಒಂದು ದಿಕ್ಕಿಗೆ 4 ಸೆಂ.ಮೀ., ತಿರುಗಿಸಿ 2 ಸೆಂ.ಮೀ. ನೇಯ್ದು ಕತ್ತರಿಸಿ. ನುಣುಪಾದ ಹತ್ತಿಗೆ ಮೂರು ದಿಕ್ಕು ಬೇಕು. ಒಂದೇ ದಿಕ್ಕಿಗೆ ನೇಯ್ದ ತುದಿ ಬಟ್ಟೆ ಹಿಗ್ಗಿದಾಗ ಹೊರಬರುತ್ತದೆ.

ಮೂಲೆ ಚೌಕ: 3-4 ಗ್ರಾಂ ಉಂಡೆಗೆ

ಉಳಿಕೆ ನೂಲಿಗೆ ಇದಕ್ಕಿಂತ ಹೊಂದುವ ಹೆಣಿಗೆ ಸಿಗುವುದು ಕಷ್ಟ. ಡಿಕೆ ನೂಲು, 4 ಮಿ.ಮೀ. ಕಡ್ಡಿಯಲ್ಲಿ ಒಂದು ಚೌಕಕ್ಕೆ 7-8 ಮೀಟರ್ ಬೇಕು. ಅಳತೆ ಸುಮಾರು 7 ಸೆಂ.ಮೀ. ಚೌಕಗಳನ್ನು ಆಮೇಲೆ ಹೊಲಿಯುವ ಗೋಜಿಲ್ಲ, ಒಂದರ ಅಂಚಿನಿಂದ ಇನ್ನೊಂದು ಬೆಳೆಯುತ್ತದೆ.

1. 31 ಕುಣಿಕೆ ಹಾಕಿ. ಇದಕ್ಕೆ ಮಾತ್ರ 4.5 ಮಿ.ಮೀ. ಕಡ್ಡಿ ಹಿಡಿಯಿರಿ, ಬಿಗಿಯಾಗಿ ಹಾಕಿದರೆ ಚೌಕದ ಎರಡು ಬದಿ ಒಳಕ್ಕೆ ಎಳೆದು ಬಟ್ಟಲಿನಂತೆ ಬಾಗುತ್ತದೆ.
2. ಮೊದಲ ಸಾಲು ಹಿಂಬದಿ: ಎಲ್ಲಾ ನಿಟ್. ಮಧ್ಯದ, ಅಂದರೆ 16ನೇ ಕುಣಿಕೆಗೆ ಬೇರೆ ಬಣ್ಣದ ದಾರದ ಗುರುತು ಹಾಕಿ.
3. ಎರಡನೇ ಸಾಲು ಮುಂಬದಿ: 14 ನಿಟ್. ಮುಂದಿನ ಎರಡು ಕುಣಿಕೆಯನ್ನು ಒಟ್ಟಿಗೆ, ನಿಟ್ ಮಾಡುವಂತೆ ಕಡ್ಡಿ ತೂರಿಸಿ, ಹೆಣೆಯದೆ ಬಲಗಡ್ಡಿಗೆ ಸರಿಸಿ. ಮುಂದಿನದನ್ನು ನಿಟ್ ಮಾಡಿ. ಸರಿಸಿದ ಎರಡನ್ನೂ ಅದರ ಮೇಲಿಂದ ದಾಟಿಸಿ ಬಿಡಿ. 14 ನಿಟ್. ಈಗ 29 ಕುಣಿಕೆ.
4. ಮೂರನೇ ಸಾಲು: ಎಲ್ಲಾ ನಿಟ್, ಮಧ್ಯದ ಕುಣಿಕೆ ಮಾತ್ರ ಪರ್ಲ್ (ಉಲ್ಟಾ ಕುಣಿಕೆ). ಇದರಿಂದ ಮೂಲೆಯಿಂದ ಮೂಲೆಗೆ ಓಡುವ ಗೆರೆ ಮುಂಬದಿಯಲ್ಲಿ ಸ್ಪಷ್ಟವಾಗಿ ಎದ್ದು ಕಾಣುತ್ತದೆ.
5. ನಾಲ್ಕನೇ ಸಾಲಲ್ಲಿ 13 ನಿಟ್, ಅದೇ ಮೂರು-ಒಂದು ಇಳಿಕೆ, 13 ನಿಟ್. ಹೀಗೆ ಪ್ರತಿ ಮುಂಬದಿ ಸಾಲಲ್ಲಿ ಎರಡೆರಡು ಕಡಿಮೆಯಾಗುತ್ತ 3 ಕುಣಿಕೆ ಉಳಿದಾಗ ಕೊನೆಯ ಇಳಿಕೆ ಮಾಡಿ, ಉಳಿದ ಒಂದರೊಳಗೆ ನೂಲು ತೂರಿಸಿ ಎಳೆಯಿರಿ.

ಪ್ರತಿ ಸಾಲಿನ ಮೊದಲ ಕುಣಿಕೆಯನ್ನು, ನೂಲನ್ನು ಮುಂದಿಟ್ಟು, ಹೆಣೆಯದೆ ಸರಿಸಿದರೆ ಅಂಚಿನಲ್ಲಿ ಸರಪಳಿ ಬರುತ್ತದೆ. ಮುಗಿದ ಚೌಕದ ಇಂಥ ಅಂಚಿನಲ್ಲಿ ಸರಿಯಾಗಿ 15 ಕೊಂಡಿ ಇರುತ್ತವೆ. ಪಕ್ಕದ ಚೌಕಕ್ಕೆ ಮುಂಬದಿ ನಿಮ್ಮ ಕಡೆ ಇರುವಂತೆ ಹಿಡಿದು, ಕೊಂಡಿಗೆ ಒಂದರಂತೆ 15 ಕುಣಿಕೆ ಎತ್ತಿ, ಮುಂದಕ್ಕೆ 16 ಹೊಸ ಕುಣಿಕೆ ಹಾಕಿ 31 ಮಾಡಿಕೊಳ್ಳಿ. ಮೊದಲ ಸಾಲಿನಿಂದ ಅದೇ ಕ್ರಮ. ಎರಡು ಚೌಕಗಳ ನಡುವಿನ ಸಂದಿಯಲ್ಲಿ ಕೂರುವ ಚೌಕಕ್ಕೆ ಒಂದು ಬದಿಯಿಂದ 15, ಮೂಲೆಯಲ್ಲಿರುವ ಚೌಕದ ತುದಿಯಿಂದ 1, ಇನ್ನೊಂದು ಬದಿಯಿಂದ 15. ಆ ಮಧ್ಯದ ಒಂದನ್ನು ಚೌಕದ ತುದಿಯ ಕುಣಿಕೆಯಿಂದಲೇ ಎತ್ತಿ. ಬದಿಯಲ್ಲಿ ಎಲ್ಲೋ ಎತ್ತಿದರೆ ನಾಲ್ಕು ಚೌಕ ಸೇರುವಲ್ಲಿ ಬೆರಳು ತೂರುವಷ್ಟು ತೂತು ಉಳಿಯುತ್ತದೆ.

ಗುರುತು ಮೇಲಕ್ಕೆ ಸಾಗಿಸಲು ಮರೆತು ಇಳಿಕೆ ಒಂದು ಕುಣಿಕೆ ಆಚೀಚೆ ಆದರೆ ಗೆರೆ ಮುರಿದು ಚೌಕ ಓರೆಯಾಗುತ್ತದೆ. ಮುಂಬದಿ ಸಾಲು ಮುಗಿದೊಡನೆ ಗೆರೆಯ ಎರಡೂ ಕಡೆ ಎಣಿಸಿ, ಸಮ ಇರಬೇಕು.

ಮೊದಲ ಬಾರಿಗೆ ಕಂಬಳಿ ಹಿಡಿಯಬೇಡಿ. 12 ಅಡ್ಡ, 14 ಉದ್ದದ ಪುಟ್ಟ ಕಂಬಳಿಗೇ 168 ಚೌಕ, ಸುಮಾರು 600 ಗ್ರಾಂ ಬೇಕಾಗುತ್ತದೆ. 6 ಅಡ್ಡ 6 ಉದ್ದದ 36 ಚೌಕದಲ್ಲಿ 42 ಸೆಂ.ಮೀ. ದಿಂಬಿನ ಮುಖ ಆಗುತ್ತದೆ, 130 ಗ್ರಾಂ ಸಾಕು. ಒಳಗೆ 45 ಸೆಂ.ಮೀ. ದಿಂಬು ತುಂಬಿ, ಹೊದಿಕೆ ದಿಂಬಿಗಿಂತ ತುಸು ಚಿಕ್ಕದಿದ್ದರೆ ಮೂಲೆಗಳು ತುಂಬಿ ಚೆನ್ನಾಗಿ ಕೂರುತ್ತದೆ.

ಓರೆ ಹೆಣಿಗೆಯ ಒರೆಸುವ ಬಟ್ಟೆ: ಉಳಿದ ಹತ್ತಿಗೆ

ಮೂಲೆಯಿಂದ ಶುರುವಾಗಿ ಅಗಲವಾಗುತ್ತ ಹೋಗಿ, ಮತ್ತೆ ಕಿರಿದಾಗುವ ಚೌಕ. ಎಷ್ಟು ನೂಲಿದ್ದರೂ ಆಗುತ್ತದೆ, ಅದೇ ಇದರ ಹೆಚ್ಚುಗಾರಿಕೆ. ಉಂಡೆಯನ್ನು ಮೊದಲು ತೂಗಿ ಬರೆದಿಡಿ. 4 ಕುಣಿಕೆ ಹಾಕಿ ಒಂದು ಸಾಲು ನಿಟ್. ಆಮೇಲೆ ಪ್ರತಿ ಸಾಲಲ್ಲೂ 2 ನಿಟ್, ಕಡ್ಡಿಯ ಮೇಲೆ ನೂಲು ಒಮ್ಮೆ ಸುತ್ತಿ, ಉಳಿದದ್ದೆಲ್ಲ ನಿಟ್. ಸಾಲಿಗೊಂದು ಕುಣಿಕೆ ಏರುತ್ತದೆ. ಉಂಡೆಯ ತೂಕ ಅರ್ಧಕ್ಕೆ ಇಳಿಯಲು 1 ಗ್ರಾಂ ಬಾಕಿಯಿರುವಾಗ ಏರಿಕೆ ನಿಲ್ಲಿಸಿ. ತುದಿ ಮುಚ್ಚಲು ಆ ಒಂದು ಗ್ರಾಂ ಬೇಕಾಗುತ್ತದೆ. ಇಳಿಕೆಯ ಸಾಲು: 1 ನಿಟ್, ಎರಡನ್ನು ಜೋಡಿಸಿ ನಿಟ್, ನೂಲು ಸುತ್ತಿ, ಎರಡನ್ನು ಜೋಡಿಸಿ ನಿಟ್, ಉಳಿದದ್ದು ನಿಟ್. 4 ಕುಣಿಕೆಗೆ ಬಂದಾಗ ಮುಚ್ಚಿ. ವರ್ಸ್ಟೆಡ್ ಹತ್ತಿ, 4.5 ಮಿ.ಮೀ. ಕಡ್ಡಿಯಲ್ಲಿ 44 ಕುಣಿಕೆವರೆಗೆ ಏರಿಸಿದರೆ 18-20 ಸೆಂ.ಮೀ. ಚೌಕ, 20-25 ಗ್ರಾಂ.

ಅಕ್ರಿಲಿಕ್ ನೀರು ಹೀರುವುದಿಲ್ಲ, ಒರೆಸಲು ಬಾರದು. ಬಿಸಿಪಾತ್ರೆ ಹಿಡಿಯುವ ಬಟ್ಟೆಗಂತೂ ಅಕ್ರಿಲಿಕ್ ಖಂಡಿತ ಬೇಡ, ಕರಗಿ ಕೈಗೆ ಅಂಟುತ್ತದೆ. ಅದಕ್ಕೆ ಹತ್ತಿ ಅಥವಾ ಉಣ್ಣೆಯನ್ನು ಎರಡೆಳೆಯಾಗಿ, ನೂಲು ಸುತ್ತಿದ ತೂತುಗಳಿಲ್ಲದೆ ಒತ್ತಾಗಿ ಹೆಣೆದು ಎರಡು ಪದರ ಮಾಡಿ.

ಪಟ್ಟೆಯ ಮಗುವಿನ ಟೊಪ್ಪಿ: 20 ಗ್ರಾಂ

ಹಸುಗೂಸಿಗೆ ಮೆತ್ತಗಿನ ಅಕ್ರಿಲಿಕ್ ಅಥವಾ ಸೂಪರ್‌ವಾಶ್ ಉಣ್ಣೆ. ರೋಮ ಉದುರುವ ನೂಲು ಬೇಡ, ಕಟ್ಟುದಾರ, ಗುಂಡಿ ಬೇಡ. ಡಿಕೆ ನೂಲು, 72 ಕುಣಿಕೆ, ಸುತ್ತಳತೆ ಸುಮಾರು 33 ಸೆಂ.ಮೀ. 40 ಸೆಂ.ಮೀ. ವೃತ್ತಾಕಾರದ ಕಡ್ಡಿಗೆ ಇದು ಸಾಲದು. ಎರಡೂ ತುದಿ ಚೂಪಾದ ಐದು ಕಡ್ಡಿ ಅಥವಾ ಹೆಚ್ಚಿನ ತಂತಿಯನ್ನು ಕುಣಿಕೆಗಳ ನಡುವಿನಿಂದ ಹೊರಗೆಳೆದಿಟ್ಟು 80 ಸೆಂ.ಮೀ. ತಂತಿಯ ಕಡ್ಡಿ ಬಳಸಿ.

3.5 ಮಿ.ಮೀ. ಕಡ್ಡಿಯಲ್ಲಿ 2 ನಿಟ್, 2 ಪರ್ಲ್ ರಿಬ್ (ಹಿಗ್ಗುವ ಅಂಚು) 3 ಸೆಂ.ಮೀ. ಆಮೇಲೆ 4 ಮಿ.ಮೀ.ನಲ್ಲಿ ಬರೀ ನಿಟ್, ಒಟ್ಟು ಎತ್ತರ 10 ಸೆಂ.ಮೀ. ಆಗುವವರೆಗೆ. ಒಂದು ಸುತ್ತಿಗೆ ಸುಮಾರು 1 ಮೀಟರ್ ತಗಲುತ್ತದೆ. ಆದ್ದರಿಂದ 5 ಮೀಟರ್ ತುಣುಕಿನಲ್ಲಿ ತುದಿಗಳನ್ನು ಬಿಟ್ಟು 4 ಸುತ್ತಿನ ಪಟ್ಟೆ ಬರುತ್ತದೆ. ನೆತ್ತಿಗೆ: 7 ನಿಟ್, ಎರಡು ಜೋಡಿಸಿ ನಿಟ್, ಇದನ್ನು ಎಂಟು ಸಲ, 64 ಉಳಿಯುತ್ತದೆ. ಒಂದು ಸುತ್ತು ಬರೀ ನಿಟ್. ಮುಂದೆ 6 ನಿಟ್, ಆಮೇಲೆ 5 ಎಂದು ಇಳಿಸುತ್ತ, ನಡುವೆ ಒಂದೊಂದು ಸಾದಾ ಸುತ್ತು ಇಟ್ಟು, 8 ಕುಣಿಕೆಗೆ ತಂದು ನೂಲು ಪೋಣಿಸಿ ಬಿಗಿಯಾಗಿ ಎಳೆಯಿರಿ.

ಸುತ್ತು ಹೆಣಿಗೆಯಲ್ಲಿ ಬಣ್ಣ ಬದಲಾದೆಡೆ ಪಟ್ಟೆ ಒಂದು ಮೆಟ್ಟಿಲು ಏರಿದಂತೆ ಕಾಣುತ್ತದೆ, ಏಕೆಂದರೆ ಸುತ್ತು ನಿಜಕ್ಕೂ ಸುರುಳಿಯಾಗಿ ಮೇಲೇರುತ್ತಿರುತ್ತದೆ. ಹೊಸ ಬಣ್ಣದಲ್ಲಿ ಒಂದು ಸುತ್ತು ಪೂರ್ತಿ ಹೆಣೆಯಿರಿ. ಎರಡನೇ ಸುತ್ತಿನ ಮೊದಲ ಕುಣಿಕೆಗೆ ಬಂದಾಗ ಅದರ ಕೆಳಗಿರುವ ಹಳೆಬಣ್ಣದ ಕುಣಿಕೆಯ ಬಲಗಾಲನ್ನು ಎಡಗಡ್ಡಿಗೆ ಎತ್ತಿ, ಎರಡನ್ನೂ ಒಟ್ಟಿಗೆ ನಿಟ್ ಮಾಡಿ. ಹಳೆಬಣ್ಣ ಮೇಲೆ ಬಂದು ಮೆಟ್ಟಿಲು ಮುಚ್ಚಿಹೋಗುತ್ತದೆ.

ದಾರ, ಗೊಂಡೆ, ಚೂರು

10 ಮೀಟರ್‌ಗಿಂತ ಕಡಿಮೆ ಇರುವುದಕ್ಕೆ ಐ-ಕಾರ್ಡ್, ಅಂದರೆ ಕಡ್ಡಿಯಲ್ಲಿ ಹೆಣೆದ ದುಂಡು ದಾರ, ಒಳ್ಳೆಯದು. ಎರಡೂ ತುದಿ ಚೂಪಾದ ಕಡ್ಡಿಯಲ್ಲಿ 4 ಕುಣಿಕೆ ಹೆಣೆದು, ತಿರುಗಿಸದೆ ಇನ್ನೊಂದು ತುದಿಗೆ ಜಾರಿಸಿ, ಹಿಂದಿನಿಂದ ನೂಲನ್ನು ಬಿಗಿಯಾಗಿ ಎಳೆದು ಮತ್ತೆ ಹೆಣೆಯಿರಿ. ಡಿಕೆಯಲ್ಲಿ 10 ಸೆಂ.ಮೀ. ದಾರಕ್ಕೆ 1.5 ಮೀಟರ್. ಹಿಂದೆ ಏಣಿಯಂಥ ಸಂದಿ ಕಂಡರೆ ಮೊದಲ ಕುಣಿಕೆಯಲ್ಲಿ ಎಳೆತ ಸಾಲಲಿಲ್ಲ ಎಂದರ್ಥ. ಚೀಲದ ಹಿಡಿ, ನೇತುಹಾಕುವ ಕೊಂಡಿ, ಕುಲಾವಿಯ ಲಾಡಿ ಎಲ್ಲಕ್ಕೂ ಆಗುತ್ತದೆ. ಲಾಡಿ ದೊಡ್ಡವರದ್ದಕ್ಕೆ ಮಾತ್ರ.

5 ಸೆಂ.ಮೀ. ಗೊಂಡೆಗೆ 5 ಸೆಂ.ಮೀ. ಅಗಲದ ರಟ್ಟಿಗೆ ನೂರು ಸುತ್ತು, ಅಂದರೆ 10 ಮೀಟರ್. ನಡುವೆ ಕಟ್ಟುವ ದಾರ ಗಟ್ಟಿ ಹತ್ತಿಯದ್ದಾಗಿರಲಿ. ಅದೇ ಉಣ್ಣೆಯಿಂದ ಬಿಗಿದರೆ ಎಳೆಯುವಾಗಲೇ ತುಂಡಾಗುತ್ತದೆ.

ಮುಗಿದ ವಸ್ತುವನ್ನು ಉಗುರುಬೆಚ್ಚಗಿನ ನೀರಲ್ಲಿ 15 ನಿಮಿಷ ನೆನೆಸಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಸಮತಟ್ಟಾಗಿ ಹರಡಿ ಮೂಲೆಗಳಿಗೆ ಗುಂಡುಸೂಜಿ ಚುಚ್ಚಿ ಒಣಗಿಸಿ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಬೇಡಿ, 2-3 ಸೆಂ.ಮೀ. ಎತ್ತರದಿಂದ ಹಬೆ ಮಾತ್ರ ಬಿಡಿ. ತಾಗಿದರೆ ನೂಲು ಒಮ್ಮೆಲೇ ಸೋತು ಜೋಲುಬೀಳುತ್ತದೆ, ಮತ್ತೆ ಸೆಟೆದು ನಿಲ್ಲುವುದಿಲ್ಲ.

ಒಂದು ಅಡಿಗಿಂತ ಉದ್ದದ ನುಣುಪು ಹತ್ತಿಯ ಚೂರುಗಳು ಕುಣಿಕೆ ಹಿಡಿದಿಡಲು, ತಪ್ಪಾದರೆ ಬಿಚ್ಚಿ ನಿಲ್ಲಿಸುವ ರಕ್ಷಾದಾರಕ್ಕೆ, ಗುರುತಿಗೆ ಬರುತ್ತವೆ. ಅದಕ್ಕಿಂತ ಗಿಡ್ಡವನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು ಸೂಜಿದಿಂಬಿಗೆ ತುಂಬಿ. ಮತ್ತು ಯಾವ ಉಡುಪಿನ ನೂಲನ್ನಾದರೂ ಪೂರ್ತಿ ಖಾಲಿ ಮಾಡುವ ಮೊದಲು 5-6 ಮೀಟರ್ ತೆಗೆದು, ಉಡುಪಿನ ಹೆಸರು, ನಾರು, ಕಡ್ಡಿಯ ಅಳತೆ ಬರೆದ ಚೀಟಿ ಕಟ್ಟಿಡಿ: ಮೊಣಕೈ ತೂತಾದಾಗ ಅದೇ ಬಣ್ಣ ಬೇರೆಲ್ಲೂ ಸಿಗುವುದಿಲ್ಲ.